ಮದುವೆ ಲಂಗದ ಹೂಜಿಗಳು

ಊರಿನ ಅರ್ಧ ಜನರ ಮಂಡಿ ಎಲ್ಲಿಗೆ ಬರುತ್ತದೆ ಎಂಬುದು ದೊಡ್ಡಮ್ಮನಿಗೆ ಗೊತ್ತಿತ್ತು. ಈಗ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ಗತ್ತಿನಿಂದ ಕೂತವನು, ಠಾಣೆಯಲ್ಲಿ ಮೀಸೆ ತಿರುವುವವನು, ಎಲ್ಲರೂ ಒಂದು ಕಾಲಕ್ಕೆ ಅವಳೆದುರು ಮೂಗು ಸುರಿಸಿಕೊಂಡು ನಿಂತು ಚಡ್ಡಿಯ ಅಳತೆ ಕೊಟ್ಟವರೇ. ಶಾಲೆಯ ಯೂನಿಫಾರ್ಮು ಹೊಲಿಯುವುದು ಅವಳ ಕಸುಬು. ನೀಲಿ ಲಂಗ, ಬಿಳಿ ಅಂಗಿ, ಬೂದು ಚಡ್ಡಿ ಬಿಟ್ಟರೆ ಬೇರೆ ಬಟ್ಟೆ ಅವಳ ಮಿಷನ್ನಿನ ಕೆಳಗೆ ಹಾದುಹೋದದ್ದು ಅಪರೂಪ. ತನ್ನ ಸ್ವಂತ ರವಿಕೆಯನ್ನೂ ಬೇರೆಯವರ ಹತ್ತಿರ ಹೊಲಿಸುತ್ತಿದ್ದಳು. "ನಾನೇ ಹೊಲಿದ್ರೆ ಅದಕ್ಕೂ ಒಂದು ಟೈ ಬೇಕು ಅನ್ಸುತ್ತೆ" ಎನ್ನುತ್ತಿದ್ದಳು.

ಇಂಥ ದೊಡ್ಡಮ್ಮನ ಕೈಯಲ್ಲೇ ತನ್ನ ಮದುವೆಯ ಮೂರು ದಿನದ ಬಟ್ಟೆಯೆಲ್ಲ ಆಗಬೇಕು ಎಂದು ಗೀಚಿ ಹಟ ಹಿಡಿದಳು.

ಗೀಚಿ ಎಂದರೆ ದೊಡ್ಡಮ್ಮನ ತಂಗಿಯ ಮಗಳು. ಅವಳಿಗೆ ಬೇರೆ ಹೆಸರಿದೆ. ಅದನ್ನು ಆಮಂತ್ರಣ ಪತ್ರಿಕೆಯಲ್ಲಿ ಓದಿದ ಮನೆಯವರೇ ಒಂದು ಗಳಿಗೆ "ಇದ್ಯಾರಪ್ಪಾ" ಎಂದು ಯೋಚಿಸಿದರು. ನಡೆಯಲು ಕಲಿಯುವ ಮೊದಲೇ ಗೋಡೆ, ನೆಲ, ಅಪ್ಪನ ಬೋಳುತಲೆ, ಸಿಕ್ಕಿದ್ದರ ಮೇಲೆಲ್ಲ ಗೀಚುತ್ತಿದ್ದಳು, ಆ ಹೆಸರೇ ನಿಂತಿತು. ತಂಗಿಗೆ ಆಫೀಸಿತ್ತು, ಮನೆಯಿತ್ತು, ಇವೆರಡಕ್ಕಿಂತ ಹೆಚ್ಚಾಗಿ ಫೋನಿತ್ತು. ಹಾಗಾಗಿ ಗೀಚಿ ಬೆಳೆದದ್ದು ದೊಡ್ಡಮ್ಮನ ಅಂಗಡಿಯಲ್ಲಿ. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಈ ಬದಿಗೆ ದೊಡ್ಡಮ್ಮ, ಆ ಬದಿಗೆ ಎತ್ತರದ ಸ್ಟೂಲಿನ ಮೇಲೆ ಗೀಚಿ. ದೊಡ್ಡಮ್ಮ ಕತ್ತರಿ ಆಡಿಸುತ್ತಿದ್ದರೆ ಗೀಚಿ ಉಳಿದ ತುಂಡುಗಳ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆಯುತ್ತಿದ್ದಳು. ಬರೆದು ಮುಗಿಸಿ "ದೊಡ್ಡಮ್ಮಾ!" ಎಂದು ಕೂಗಿದರೆ ದೊಡ್ಡಮ್ಮ ಕತ್ತರಿ ನಿಲ್ಲಿಸದೆ ಒಂದು ಸಲ ಕಣ್ಣು ಹಾಯಿಸಿ, "ಭಾರಿ ಚೆನ್ನಾಗಿದೆ ಕಣೇ, ಹೂಜಿ ಅಲ್ವಾ?" ಎನ್ನುವಳು. ಗೀಚಿ ಒಂದು ಕ್ಷಣ ಅವಳ ಮುಖ ನೋಡಿ ಹೂಂ ಎನ್ನುವಳು. ಆ ಹೂಜಿ ಅಂದಿನಿಂದ ಇಂದಿನವರೆಗೆ ಅವಳ ಕೈ ಬಿಟ್ಟಿರಲಿಲ್ಲ. ಬೆಳೆದ ಮೇಲೆ ಕೊಡೆ, ಚೀಲ, ದಿಂಬಿನ ಕವರು ಎಂದು ಬಟ್ಟೆಯ ಮೇಲೆ ಬಣ್ಣ ಬರೆದು ಮಾರುವುದೇ ಅವಳ ಕೆಲಸವಾಯಿತು. ಮೇಕೆ, ನಾಯಿ, ಕೋಳಿಗಳ ನಡುವೆ ಎಲ್ಲೋ ಒಂದು ಕಡೆ ಅಗಲ ಬಾಯಿಯ, ಒಂದೇ ಹಿಡಿಯ, ತಳದಲ್ಲಿ ಗುಂಡನೆಯ ಗುಬಟು ಇರುವ ಆ ಹೂಜಿ ಇದ್ದೇ ಇರುತ್ತಿತ್ತು. ಅಂಥ ಹೂಜಿಯನ್ನು ನೆಲದ ಮೇಲೆ ಇಟ್ಟರೆ ಉರುಳಿ ಬೀಳುತ್ತದೆ ಎಂದು ದೊಡ್ಡಮ್ಮನಿಗೆ ಅನ್ನಿಸಿದ್ದುಂಟು, ಆದರೆ ಕಲಾವಿದರ ಪಾತ್ರೆ ಪಡಗಕ್ಕೆ ತಾನೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಬಿಟ್ಟಿದ್ದಳು.

"ಬಟ್ಟೆ ಮೇಲೆ ನಾನು ಬರೀತೀನಿ, ದೊಡ್ಡಮ್ಮ ಹೊಲೀತಾಳೆ. ಮುಗೀತು" ಎಂದಳು ಗೀಚಿ.

"ಏನು ಮುಗೀತು?" ತಂಗಿ ಕಿವಿಯಿಂದ ಫೋನು ತೆಗೆಯದೆಯೇ ಕಿರುಚಿದಳು. "ಇವಳು ಹೊಲಿದದ್ದು ಹಾಕ್ಕೊಂಡ್ರೆ ನೀನು ಮದುವೆ ಹಾಲ್‌ಗೆ ಹೋಗಲ್ಲ, ಪ್ರೇಯರ್‌ಗೆ ಹೋಗಿ ಸಾಲಲ್ಲಿ ನಿಲ್ತೀಯ. ಅಕ್ಕಾ, ನೀನಾದ್ರೂ ಹೇಳೇ!"

ದೊಡ್ಡಮ್ಮನ ಮನಸ್ಸಿನಲ್ಲೂ ಅದೇ ಇತ್ತು. ಆದರೆ ತಾನು ಯೋಚಿಸಿದ್ದನ್ನು ತಂಗಿ ಬಾಯಿಬಿಟ್ಟು ಹೇಳಿದ್ದು ಸರಿ ಬರಲಿಲ್ಲ. "ಯಾಕೆ, ನನ್ನ ಕೈಗೇನು ಲಕ್ವ ಹೊಡೆದಿದೆಯಾ? ಹೊಲೀತೀನಿ" ಎಂದುಬಿಟ್ಟಳು.

ತಂಗಿ ಆಗಲೇ ದೊಡ್ಡ ರಸ್ತೆಯ ಗಾಜಿನ ಅಂಗಡಿಯ ಡಿಸೈನರ್ ಮೇಡಂ ಹತ್ತಿರ ಮಾತಾಡಿ ಇಟ್ಟಿದ್ದಳು. ಆ ಅಂಗಡಿಯಲ್ಲಿ ಮದುಮಗಳಿಗೆ ಮೂರು ದಿನಕ್ಕೂ ಹಂಸಗಳನ್ನೇ ಹಾಕುತ್ತಾರಂತೆ, ಹಂಸದ ಕಣ್ಣಿಗೆ ಮಣಿಯಂತೆ. ಕೊನೆಗೆ ಗೀಚಿ ಒಂದು ರಾಜಿಗೆ ಬಂದಳು. ಮೊದಲ ದಿನದ ಬಟ್ಟೆ ಸಿದ್ಧವಾದ ಮೇಲೆ ಬೀಗಿತ್ತಿ ಬಂದು ನೋಡಲಿ. ಅವರು ಹೂಂ ಅಂದರೆ ಮೂರು ದಿನದ್ದೂ ದೊಡ್ಡಮ್ಮನದು. ಉಹೂಂ ಅಂದರೆ ಹಂಸ.

ಈ ಮಾತು ಕೇಳಿ ದೊಡ್ಡಮ್ಮ ಕೈಲಿದ್ದ ಕತ್ತರಿ ಕೆಳಗಿಟ್ಟಳು, ಏಕೆಂದರೆ ಬೀಗಿತ್ತಿ ಬೇರೆ ಯಾರೂ ಅಲ್ಲ, ಶಾಲೆಯ ಹೆಡ್‌ಮೇಡಂ. ಅವರ ಮಗ ಹಲ್ಲಿನ ಡಾಕ್ಟರು. ಅವನು ಒಳ್ಳೆಯ ಹುಡುಗನೇ, ಮಾತಾಡುವಾಗ ಎದುರಿನವರ ಬಾಯಿಯನ್ನೇ ನೋಡುತ್ತಾನೆ ಎಂಬುದೊಂದು ಬಿಟ್ಟರೆ. ಆದರೆ ಹೆಡ್‌ಮೇಡಂಗೂ ದೊಡ್ಡಮ್ಮನಿಗೂ ಎಷ್ಟೋ ವರ್ಷಗಳ ಜಗಳ. ಶಾಲೆ ಶುರುವಾಗುವ ಹೊತ್ತಿಗೆ ಹೆಡ್‌ಮೇಡಂ ಮರದ ಸ್ಕೇಲು ಹಿಡಿದು ಅಂಗಡಿಗೆ ಬರುವರು. ಒಬ್ಬ ಹುಡುಗಿಯನ್ನು ಲಂಗ ಹಾಕಿಸಿ ನಿಲ್ಲಿಸುವರು. ನೆಲದ ಮೇಲೆ ಮಂಡಿಯೂರಿ, ಸ್ಕೇಲು ನೆಟ್ಟಗೆ ನಿಲ್ಲಿಸಿ, ಲಂಗದ ಅಂಚು ಸುತ್ತಲೂ ಒಂದೇ ಎತ್ತರದಲ್ಲಿದೆಯೇ ಎಂದು ಅಳೆಯುವರು. ಒಂದು ನೂಲಿನಷ್ಟು ಏರುಪೇರಾದರೂ "ಬಿಚ್ಚಿ ಹೊಲೀರಿ" ಎಂದು ಹೇಳಿ ಹೋಗುವರು. ಅವರ ಬೆನ್ನು ಬಾಗಿಲು ದಾಟಿದ ಕೂಡಲೇ ದೊಡ್ಡಮ್ಮನ ಬಾಯಿಂದ ಬರುತ್ತಿದ್ದ ಮಾತುಗಳನ್ನು ಶಾಲೆಯ ಹತ್ತಿರ ಯಾರೂ ಆಡುವಂತಿಲ್ಲ.

ಅಂಥವರ ಒಂದು ಹೂಂ ಮೇಲೆ ಈಗ ಎಲ್ಲ ನಿಂತಿತ್ತು. ಮದುವೆಯಾದ ಮೇಲೆ ಗೀಚಿ ಹುಡುಗನ ಆಸ್ಪತ್ರೆ ಇರುವ ದೂರದ ಊರಿಗೆ ಹೋಗುವವಳು. ಮೇಜಿನ ಆ ಬದಿಯ ಸ್ಟೂಲು ಖಾಲಿಯಾಗುತ್ತದೆ. ಅದಕ್ಕೆ ಮೊದಲು ಇಬ್ಬರೂ ಸೇರಿ ಮಾಡುವ ಕೊನೆಯ ಕೆಲಸ ಇದು. ಇದೂ ಗಾಜಿನ ಅಂಗಡಿಗೆ ಹೋದರೆ ತಾನು ಮದುವೆಗೆ ಊಟ ಮಾಡಿ ಬರುವ ನೆಂಟಳು, ಅಷ್ಟೇ. ದೊಡ್ಡಮ್ಮನಿಗೆ ಅದು ಬೇಡವಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳುವ ಹೆಂಗಸು ಅವಳಲ್ಲ, ಸೂಜಿಗೆ ದಾರ ಪೋಣಿಸಿದಳು.

ಮೊದಲ ದಿನಕ್ಕೆ ಉದ್ದನೆಯ ಲಂಗ ಮತ್ತು ಜಾಕೆಟ್ಟು, ಎರಡನೆಯ ದಿನಕ್ಕೆ ಬಿಳಿಯ ನಿಲುವಂಗಿ, ಮೂರನೆಯ ದಿನದ ಊಟಕ್ಕೆ ಮಂಡಿಯವರೆಗಿನ ಕೋಟು ಎಂದು ಮಾತಾಯಿತು. ಲಂಗದ ತುಂಬ ಅಂಗಡಿಯ ಬೀದಿಯ ಚಿತ್ರ. ನಿಲುವಂಗಿಯ ಮೇಲೆ ಕೊರಳಿನಿಂದ ಪಾದದವರೆಗೆ ಬಿಚ್ಚಿಕೊಂಡ ಒಂದೇ ಒಂದು ಕೆಂಪು ದಾರದ ಉಂಡೆ. ಕೋಟಿನ ಬೆನ್ನಿಗೆ ಅಂಗಡಿಯ ಬೆಕ್ಕು.

"ಬೆಕ್ಕಿನ ಮೂತಿ ಬೆನ್ನಿನ ನಡುವೆ ಬರೆದ್ರೆ ಹೊಲಿಗೆ ಸರಿಯಾಗಿ ಮೂಗಿನ ಮೇಲೆ ಬರುತ್ತೆ" ಎಂದಳು ದೊಡ್ಡಮ್ಮ. "ಎರಡು ತುಂಡು ಕೂಡಿಸೋವಾಗ ಒಂದು ನೂಲು ಜಾರಿದ್ರೂ ಬೆಕ್ಕಿಗೆ ಸೊಟ್ಟ ಮೂತಿ."

"ಅದಕ್ಕೆ ಈಗಲೂ ಸೊಟ್ಟ ಮೂತೀನೇ."

"ಜಾಕೆಟ್ಟಿಗೆ ಕೋಳಿ ಬರೆಯೋವಾಗ ಕಂಕುಳಿಂದ ಎರಡು ಬೆರಳು ದೂರ ಇರು. ನಾನು ತೋಳಿಗೆ ಕತ್ತರಿ ಹಾಕಿದ್ರೆ ಕೋಳಿ ತಲೆ ಕೆಳಗೆ ಬಿದ್ದಿರುತ್ತೆ. ಎದೆ ಹತ್ತಿರ ಮಡಿಸಿ ಹೊಲಿಯೋ ಜಾಗಕ್ಕೆ ಯಾರ ಮುಖಾನೂ ತರಬೇಡ, ಮೂಗು ಒಳಗೆ ಹೋಗುತ್ತೆ."

"ಕೆಲವರ ಮೂಗು ಒಳಗೆ ಹೋದ್ರೇನೇ ಒಳ್ಳೇದು" ಎಂದಳು ಗೀಚಿ.

ಕಸುಬಿನ ಚಾಳಿ ಸುಲಭಕ್ಕೆ ಬಿಡುವುದಿಲ್ಲ. ಮದುವೆ ಲಂಗಕ್ಕೂ ದೊಡ್ಡಮ್ಮ ಶಾಲೆಯ ಲಂಗದ ಹಾಗೆ ನೇರ ಬಟ್ಟೆಗೆ ಚಪ್ಪಟೆ ನೆರಿಗೆ ಹಿಡಿದಳು. ಎರಡು ಬದಿಗೂ ಜೇಬು ಇಟ್ಟಳು. ಕೆಳಗೆ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆಯನ್ನು ಒಳಕ್ಕೆ ಮಡಿಸಿದಳು.

"ಇಷ್ಟೊಂದು ಯಾಕೆ ಒಳಗೆ ಬಿಡ್ತೀಯ?" ಎಂದು ಗೀಚಿ ಕೇಳಿದಳು.

"ಬೆಳೀಲಿ ಅಂತ" ಎಂದಳು ದೊಡ್ಡಮ್ಮ. ಹೇಳಿ ನಾಲಿಗೆ ಕಚ್ಚಿಕೊಂಡಳು. ಗೀಚಿ ಸ್ಟೂಲಿನಿಂದ ಬೀಳುವಷ್ಟು ನಕ್ಕಳು. ಸೊಂಟಪಟ್ಟಿಯ ಒಳಗೆ ಹೆಸರು, ತರಗತಿ, ವಿಭಾಗ ಎಂದು ಅಚ್ಚಾದ ರಿಬ್ಬನ್ನಿನ ತುಂಡನ್ನು ಕೂಡ ದೊಡ್ಡಮ್ಮ ಅಭ್ಯಾಸಬಲದಿಂದ ಹೊಲಿದಿದ್ದಳು, ಅದು ಇನ್ನೂ ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಗೀಚಿಯ ಚಾಳಿ ಇನ್ನೊಂದು ಬಗೆಯದು. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಬರೆಯುವುದು ಅವಳಿಗೆ ಆಗದು, ಬಟ್ಟೆ ಮೈಮೇಲೆ ಹೇಗೆ ಬೀಳುತ್ತದೆ ಎಂದು ತಿಳಿಯಬೇಕು. ಬಿಳಿ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಒಂದು ಹಲಗೆ ತೂರಿಸಿ ಅದರ ಮೇಲೆ ಬರೆಯುತ್ತಿದ್ದಳು. ಒಂದು ಭಾಗ ಒಣಗಿದ ಮೇಲೆ ಬಟ್ಟೆಯನ್ನು ಸೊಂಟದ ಸುತ್ತ ಸರಿಸಿ ಮುಂದಿನ ಭಾಗ. ಎದುರಿನಿಂದ ದೊಡ್ಡಮ್ಮ ಆಗಾಗ ಕಣ್ಣು ಹಾಯಿಸುತ್ತಿದ್ದಳು. ಅಗೋ ಮೇಕೆ, ಅಗೋ ಇಸ್ತ್ರಿ ಅಂಗಡಿಯವನ ಡೊಳ್ಳು ಹೊಟ್ಟೆ, ಅಗೋ ಕೋಳಿ, ಅಗೋ ಹೂಜಿ. "ಭಾರಿ ಚೆನ್ನಾಗಿದೆ ಕಣೇ" ಎನ್ನುತ್ತಿದ್ದಳು. ಬಣ್ಣ ನಿಲ್ಲಲೆಂದು ಬಟ್ಟೆಯನ್ನು ತಿರುವಿ ಹಾಕಿ ಇಸ್ತ್ರಿ ಮಾಡಿದಳು, ತಿರುವಿ ಹಾಕಿಯೇ ಹೊಲಿದಳು. ಲಂಗ ಮುಗಿಯಿತು. ಇಬ್ಬರಿಗೂ ಅದರಲ್ಲಿ ಒಂದು ದೋಷವೂ ಕಾಣಲಿಲ್ಲ.

ಭಾನುವಾರ ಹೆಡ್‌ಮೇಡಂ ಬಂದರು. ಕೈಯಲ್ಲಿ ಸ್ಕೇಲು ಇರಲಿಲ್ಲ, ಆದರೂ ದೊಡ್ಡಮ್ಮನಿಗೆ ಇದ್ದ ಹಾಗೇ ಕಂಡಿತು. ತಂಗಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ನಿಂತು, ಅವರ ಮುಖದ ಮೇಲಿನ ಒಂದೊಂದು ಗೆರೆಯನ್ನೂ ಓದತೊಡಗಿದಳು. ಅಳತೆ ಕೋಣೆಯ ಪರದೆ ಸರಿಯಿತು. ಗೀಚಿ ಲಂಗ ಹಾಕಿಕೊಂಡು ಬಂದು ನಡುವೆ ನಿಂತು ಒಂದು ಸುತ್ತು ತಿರುಗಿದಳು.

ಹೆಡ್‌ಮೇಡಂ ನಿಧಾನವಾಗಿ ತಲೆಯನ್ನು ಎಡಕ್ಕೆ ವಾಲಿಸಿದರು. ಇನ್ನೂ ವಾಲಿಸಿದರು. ಕಿವಿ ಭುಜಕ್ಕೆ ತಾಗುವ ಹೊತ್ತಿಗೆ ಕೇಳಿದರು, "ಇವೆಲ್ಲ ಬಾವಲಿಗಳಾ?"

"ಎಲ್ಲಿ ಬಾವಲಿ? ಮೇಕೆ, ಕೋಳಿ, ನಾಯಿ ಮೇಡಂ" ಎಂದಳು ದೊಡ್ಡಮ್ಮ.

"ಹಾಗಾದ್ರೆ ಕಾಲು ಯಾಕೆ ಮೇಲಿದೆ?"

ತಂಗಿ ಚೀರಿದಳು. "ಅಯ್ಯೋ ಅಕ್ಕಾ! ಎಲ್ಲಾ ತಲೆಕೆಳಗೆ! ಒಂದು ಇಲ್ಲ ಎರಡು ಇಲ್ಲ, ಇಡೀ ಬೀದೀನೇ ತಲೆಕೆಳಗೆ ನೇತು ಹಾಕಿದ್ದೀಯಲ್ಲೇ!"

"ಎಲ್ಲಿ? ಸರಿಯಾಗೇ ಇದೆಯಲ್ಲ" ಎಂದಳು ದೊಡ್ಡಮ್ಮ. ಅವಳು ವಾದಕ್ಕೆ ಹೇಳಿದ್ದಲ್ಲ. ಅವಳ ಕಣ್ಣಿಗೆ ನಿಜವಾಗಿಯೂ ಸರಿಯಾಗೇ ಕಂಡಿತ್ತು. ಆ ಮೇಲೆ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಮೇಕೆಯ ಕೊಂಬು ನೆಲದ ಕಡೆ, ಗೊರಸು ಸೊಂಟದ ಕಡೆ. ಗೀಚಿ ತೊಡೆಯ ಮೇಲಿಟ್ಟುಕೊಂಡು ತನ್ನ ಕಡೆಗೆ ನೆಟ್ಟಗೆ ಬರೆದದ್ದು ಎದ್ದು ನಿಂತಾಗ ನೋಡುವವರಿಗೆ ಬುಡಮೇಲು. ಅದು ಹುಡುಗಿಯ ತಪ್ಪು. ಆದರೆ ಎದುರು ಕೂತ ತನಗೆ ಕಾಣಬೇಡವೇ? ಕಾಣಲಿಲ್ಲ, ಏಕೆಂದರೆ ಎಲ್ಲ ದಿನದ ಹಾಗೇ ಕಂಡಿತ್ತು. ಮೇಜಿನ ಈ ಬದಿಯಿಂದ ಆ ಮಗುವಿನ ಚಿತ್ರಗಳನ್ನು ಹುಟ್ಟಿದಂದಿನಿಂದ ತಲೆಕೆಳಗಾಗಿಯೇ ನೋಡಿ, ತಲೆಕೆಳಗಾಗಿಯೇ ಹೊಗಳಿ, ಅದೇ ಸರಿಯಾದ ದಿಕ್ಕು ಎಂದು ಅವಳ ಕಣ್ಣು ನಂಬಿಬಿಟ್ಟಿತ್ತು. ದೊಡ್ಡಮ್ಮನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಹೆಡ್‌ಮೇಡಂ ಎದ್ದು, ಬಗ್ಗಿ, ಲಂಗದ ಅಂಚನ್ನು ಬೆರಳಲ್ಲಿ ಹಿಡಿದು ಸುತ್ತಲೂ ನೋಡಿದರು. "ಅಂಚು ಸರಿಯಾಗಿದೆ" ಎಂದರು. ಆ ಮೇಲೆ, ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದದ್ದನ್ನೇ ಹೇಳಿದರು. "ಬಿಚ್ಚಿ ಹೊಲೀರಿ. ಮುಂದಿನ ಭಾನುವಾರ ಬರ್ತೀನಿ." ಅವರ ಹಿಂದೆಯೇ ಹೊರಟ ತಂಗಿ ಬಾಗಿಲಲ್ಲೇ ಗಾಜಿನ ಅಂಗಡಿಗೆ ಫೋನು ಹಚ್ಚಿ, ಹಂಸಗಳನ್ನು ಯಾರಿಗೂ ಕೊಡಬೇಡಿ ಎಂದು ಬೇಡಿಕೊಳ್ಳುತ್ತಿದ್ದಳು.

ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಲಂಗ ಬಿಚ್ಚಲು ಕೂತಳು. ಗೀಚಿ ಮದುವೆ ಹಾಲ್ ನೋಡಲು ಹೋಗಿದ್ದಳು. ಶಾಲೆಯ ಲಂಗದ ಹಾಗೆ ನೇರ ಬಟ್ಟೆಗೆ ನೆರಿಗೆ ಹಿಡಿದದ್ದು ಈಗ ಕೈಹಿಡಿಯಿತು. ಸುತ್ತಲೂ ಅಗಲವಾಗುವ ಲಂಗವಾಗಿದ್ದರೆ ಏನೂ ಮಾಡುವಂತಿರಲಿಲ್ಲ. ಇದಾದರೆ ಸೊಂಟಪಟ್ಟಿ, ಜೇಬು ಬಿಚ್ಚಿ, ನೆರಿಗೆಯ ಗೆರೆ ಹೋಗುವಂತೆ ಇಸ್ತ್ರಿ ಮಾಡಿ, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ ಹೊಲಿದರೆ ಆಯಿತು. ಬೆಳೆಯಲೆಂದು ಬಿಟ್ಟ ನಾಲ್ಕು ಬೆರಳು ಸೊಂಟಪಟ್ಟಿಯೊಳಗೆ ಹೋಗುತ್ತದೆ. ದಾರ ಕೀಳುವಾಗ ತನಗೆ, ಗೀಚಿಗೆ, ಹಂಸಗಳ ವಂಶಕ್ಕೆ, ಎಲ್ಲರಿಗೂ ಬೈದಳು. ತರಗತಿ, ವಿಭಾಗ ಎಂಬ ರಿಬ್ಬನ್ನು ಸಿಕ್ಕಿದಾಗ ತನಗೆ ಇನ್ನೊಂದು ಸುತ್ತು ಬೈದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಹೊಲಿಗೆ ಮುಗಿಯಿತು. ಲಂಗವನ್ನು ಹ್ಯಾಂಗರಿಗೆ ಹಾಕಿ, ಗೋಡೆಯ ಮೊಳೆಗೆ ನೇತುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಮೇಕೆ ನೆಲದ ಮೇಲೆ ನಿಂತಿತ್ತು. ನಾಯಿ ನೆಟ್ಟಗಿತ್ತು. ಹೂಜಿ ಮಾತ್ರ ಮಾಯವಾಗಿತ್ತು.

ಹೂಜಿ ಇದ್ದ ಜಾಗದಲ್ಲಿ ಒಬ್ಬಳು ಹೆಂಗಸು ಕೂತಿದ್ದಳು. ಹೂಜಿಯ ಅಗಲ ಬಾಯಿ ಅವಳ ಹರಡಿಕೊಂಡ ಲಂಗ. ಹಿಡಿ ಎಂದುಕೊಂಡದ್ದು ಹೊಲಿಗೆ ಮಿಷನ್ನಿನ ಚಕ್ರದ ಕಡೆ ಚಾಚಿದ ಕೈ. ತಳದ ಗುಬಟು ತಲೆಯ ಮೇಲಿನ ತುರುಬು, ತುರುಬಿಗೆ ಒಂದು ಸೀಮೆಸುಣ್ಣ ಸಿಕ್ಕಿಸಿದೆ. ಕೊರಳಲ್ಲಿ ಅಳತೆ ಟೇಪು. ದೊಡ್ಡಮ್ಮನ ಕೈ ತಾನಾಗಿ ತನ್ನ ತುರುಬಿಗೆ ಹೋಯಿತು. ಸೀಮೆಸುಣ್ಣ ಅಲ್ಲೇ ಇತ್ತು.

ಲಂಗವನ್ನು ಸುತ್ತಲೂ ತಿರುಗಿಸಿ ನೋಡಿದಳು. ಎಲ್ಲ ಹೂಜಿಯೂ ಅವಳೇ. ಹೊಲಿಯುತ್ತಿರುವ ಅವಳು, ದಾರ ಕಚ್ಚುತ್ತಿರುವ ಅವಳು, ಮಿಷನ್ನಿನ ಮೇಲೆ ತಲೆಯಿಟ್ಟು ಬಾಯಿ ತೆರೆದು ನಿದ್ದೆ ಹೋದ ಅವಳು. ಹಾಗಾದರೆ ಕೊಡೆಗಳ ಮೇಲಿನ ಹೂಜಿ? ದಿಂಬಿನ ಮೇಲಿನ ಹೂಜಿ? ಸೀಮೆಸುಣ್ಣದ ಆ ಮೊದಲ ಹೂಜಿ? ಅಂಥ ಒಂದು ದಿಂಬಿನ ಮೇಲೆ ದಿನಾ ಮಧ್ಯಾಹ್ನ ತಲೆಯಿಟ್ಟು ಮಲಗುತ್ತಿದ್ದವಳಿಗೆ ಅದು ತನ್ನ ಮುಖ ಎಂದು ತಿಳಿದಿರಲಿಲ್ಲ. ದೊಡ್ಡಮ್ಮ ಅಲ್ಲೇ ಬಟ್ಟೆಯ ಗಂಟಿನ ಮೇಲೆ ಕೂತು ಅತ್ತಳು. ಯಾರೂ ಇಲ್ಲದ್ದರಿಂದ ಚೆನ್ನಾಗಿಯೇ ಅತ್ತಳು. ಆಮೇಲೆ ಯಾವುದೋ ಚಡ್ಡಿಯಲ್ಲಿ ಮೂಗು ಒರೆಸಿಕೊಂಡಳು.

ಗೀಚಿ ಬಂದಾಗ ದೊಡ್ಡಮ್ಮನ ಕಣ್ಣು ಇನ್ನೂ ಕೆಂಪಗಿತ್ತು.

"ಅದು ಹೂಜಿ ಅಲ್ಲ ಅಂತ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು.

ಗೀಚಿ ಹ್ಯಾಂಗರಿನ ಕಡೆ ನೋಡಿದಳು, ದೊಡ್ಡಮ್ಮನ ಕಡೆ ನೋಡಿದಳು. "ನೀನು ಅಷ್ಟು ಖುಷಿಯಾಗಿ ಹೂಜಿ ಅಂದೆ. ಪಾಪ, ಬೇಜಾರು ಮಾಡೋದು ಯಾಕೆ ಅಂತ ಸುಮ್ಮನಾದೆ. ಆಮೇಲೆ ಹೇಳೋಕೆ ನಾಚಿಕೆ ಆಯ್ತು."

"ಹಾಕ್ಕೊಂಡು ನೋಡು" ಎಂದಳು ದೊಡ್ಡಮ್ಮ.

ಗೀಚಿ ಲಂಗ ಹಾಕಿಕೊಂಡು ಬಂದಳು. ದೊಡ್ಡಮ್ಮನ ಕಡೆಯಿಂದ ಎಲ್ಲ ನೆಟ್ಟಗೆ, ಅಚ್ಚುಕಟ್ಟು. ಗೀಚಿ ತಲೆ ತಗ್ಗಿಸಿ ತನ್ನ ಲಂಗವನ್ನು ತಾನು ನೋಡಿಕೊಂಡಳು. ಬಹಳ ಹೊತ್ತು ನೋಡಿದಳು.

"ಈಗ ನನಗೆ ಹೂಜಿ ಕಾಣ್ತಿದೆ" ಎಂದಳು.

ದೊಡ್ಡಮ್ಮ ಮಂಡಿಯೂರಿ ಲಂಗದ ಅಂಚು ಎಳೆದು ಸರಿಮಾಡಿದಳು.

"ಮೊದಲು ಗೊತ್ತಿಲ್ಲದೆ ಬರೆದೆ ದೊಡ್ಡಮ್ಮ. ಮೇಕೆ ಬರೆದಾದ ಮೇಲೆ ಗೊತ್ತಾಯ್ತು, ಎದ್ದು ನಿಂತ್ರೆ ಎಲ್ಲರಿಗೂ ಬುಡಮೇಲು ಕಾಣುತ್ತೆ ಅಂತ. ಆದ್ರೂ ಹಾಗೇ ಬರೆದೆ. ಮೂರು ದಿನ ಎಲ್ಲರೂ ನನ್ನನ್ನೇ ನೋಡ್ತಾರೆ. ನಾನು ಯಾರನ್ನ ನೋಡಲಿ? ಆ ಹಾಲಿನ ತುಂಬ ಯಾರ್‍ಯಾರೋ. ಅಮ್ಮ ಬೇರೆ, ತಲೆ ತಗ್ಗಿಸಿ ಕೂತಿರು ಅಂತಾಳೆ. ತಗ್ಗಿಸಿದಾಗ ನೀವೆಲ್ಲ ಕಾಣ್ಲಿ ಅಂದ್ಕೊಂಡೆ." ಗೀಚಿ ಲಂಗದ ನೆರಿಗೆಯೊಂದನ್ನು ಬಿಡಿಸಿ ಮತ್ತೆ ಮಡಿಸಿದಳು. "ಪರವಾಗಿಲ್ಲ ಬಿಡು. ಹೀಗೇ ಇರಲಿ. ಇಲ್ಲದಿದ್ರೆ ಅಮ್ಮ ಹಂಸ ತರ್ತಾಳೆ."

ದೊಡ್ಡಮ್ಮ ಮೂಗು ಒರೆಸಲು ಮತ್ತೆ ಆ ಚಡ್ಡಿ ಹುಡುಕಿದಳು. ಅಷ್ಟರಲ್ಲಿ ಬಾಗಿಲಲ್ಲಿ ತಂಗಿಯ ದನಿ ಕೇಳಿತು. ಆಮೇಲೆ ಫೋನು ಕಂಡಿತು, ಅದರ ಹಿಂದೆ ತಂಗಿ.

"ತಿರುಗಿಸಿದ್ಯಾ? ಅಬ್ಬಾ! ಈಗ ನೋಡು, ಮನುಷ್ಯರು ಹಾಕ್ಕೊಳ್ಳೋ ಹಾಗಿದೆ. ಇದು ಮೇಕೆ, ಇದು ಇಸ್ತ್ರಿಯವನಲ್ವಾ? ಅದೇ ಹೊಟ್ಟೆ! ಪಾಪ, ನೋಡಿದ್ರೆ ಏನಂದ್ಕೋತಾನೋ!" ತಂಗಿ ಕಿಸಕ್ಕನೆ ನಕ್ಕಳು. "ಈ ಉದ್ದ ಕತ್ತಿನ ಕೊಕ್ಕರೆ ಯಾಕೆ ಸ್ಕೇಲು ಹಿಡ್ಕೊಂಡಿದೆ?" ಎಂದು ಕೇಳಿ, ತಾನೇ ಉತ್ತರ ತಿಳಿದು, ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವಳ ಕಣ್ಣು ಇನ್ನೂ ಸ್ವಲ್ಪ ಬಲಕ್ಕೆ ಸರಿಯಿತು. ಅಲ್ಲೊಂದು ಕೆಂಪು ಕೋಳಿ ರೆಕ್ಕೆ ಕೆದರಿಕೊಂಡು, ಕೊಕ್ಕು ಕಿವಿಯವರೆಗೆ ತೆರೆದು ಫೋನಿನಲ್ಲಿ ಕಿರುಚುತ್ತಿತ್ತು. ಫೋನಿನ ಕವರಿನ ಮೇಲೆ ಹಳದಿ ಹೂವು.

ತಂಗಿ ತನ್ನ ಫೋನಿನ ಕವರು ನೋಡಿದಳು. ಹಳದಿ ಹೂವು.

"ಇದು ಯಾರು?"

"ಕೋಳಿ ಅಮ್ಮ" ಎಂದಳು ಗೀಚಿ.

"ಯಾವ ಕೋಳಿ?"

"ಇನ್ಯಾವ ಕೋಳಿ, ಮನೇಲಿರೋದು ಒಂದೇ" ಎಂದಳು ದೊಡ್ಡಮ್ಮ.

ತಂಗಿಯ ಬಾಯಿ ತೆರೆಯಿತು. ತೆರೆದದ್ದು ಕೋಳಿಯ ಕೊಕ್ಕಿನ ಹಾಗೇ ಇದೆ ಎಂದು ಅವಳಿಗೇ ಹೊಳೆದು ಪಟ್ಟನೆ ಮುಚ್ಚಿಕೊಂಡಿತು. "ಇದನ್ನ ಹಾಕ್ಕೊಂಡು ನೆಂಟರ ಮುಂದೆ ನಿಲ್ತೀಯಾ? ನನ್ನ ಮಾನ ಏನಾಗ್ಬೇಕು? ಅಕ್ಕಾ, ಈ ಕ್ಷಣ ತಿರುಗಿಸು! ಮೊದಲಿದ್ದ ಹಾಗೇ ಮಾಡು! ತಲೆಕೆಳಗಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ!"

"ಹಂಸಕ್ಕೆ ಹೇಳಿಟ್ಟಿದ್ಯಲ್ಲ" ಎಂದಳು ದೊಡ್ಡಮ್ಮ ಮೆಲ್ಲಗೆ.

"ಹಂಸದ ಮಾತು ಆಮೇಲೆ! ಮೊದಲು ಈ ಕೋಳಿ ತಿರುಗಿಸು. ಹೆಡ್‌ಮೇಡಂ ಆ ಕೊಕ್ಕರೆ ನೋಡಿದ್ರೆ ಮದುವೇನೇ ನಿಂತ್ಹೋಗುತ್ತೆ!"

ದೊಡ್ಡಮ್ಮ ಆಗಲೇ ಹೊಲಿಗೆ ಬಿಚ್ಚುವ ಕೊಕ್ಕೆ ಕೈಗೆತ್ತಿಕೊಂಡಿದ್ದಳು. ಕೆಲಸ ಕೆಡಿಸಿ ಮತ್ತೆ ಮಾಡುವುದೆಂದರೆ ಅವಳಿಗೆ ಮೈಯೆಲ್ಲ ಉರಿ, ಆದರೆ ಅವತ್ತು ದಾರ ಕೀಳುವಾಗ ಹಾಡು ಗುನುಗುತ್ತಿದ್ದಳು. ನೆರಿಗೆ ಹಿಡಿದು, ಸೊಂಟಪಟ್ಟಿ ಕೂರಿಸಿ, ಕೆಳಗೆ ನಾಲ್ಕು ಬೆರಳು ಒಳಕ್ಕೆ ಮಡಿಸಿ, ಲಂಗ ಮತ್ತೆ ಬುಡಮೇಲಾಯಿತು.

ಆದರೆ ಹೆಡ್‌ಮೇಡಂ ನೆಟ್ಟಗೆ ಮಾಡಿ ಎಂದು ಹೇಳಿ ಹೋದವರು. ಭಾನುವಾರ ಹತ್ತಿರವಾದಂತೆ ದೊಡ್ಡಮ್ಮನ ಹಾಡು ನಿಂತಿತು. ಉಹೂಂ ಎನ್ನುವ ಆ ತುಟಿ ಊಟದ ತಟ್ಟೆಯಲ್ಲೂ ಕಾಣತೊಡಗಿತು. ಶನಿವಾರ ಸಂಜೆ ಅವಳು ಎದ್ದು, ಎದುರಿಗೆ ಇಟ್ಟಿದ್ದ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಹಿಂದಿನ ಕೋಣೆಗೆ ಹಾಕಿದಳು. ಅಂಗಡಿಯಲ್ಲಿ ಕೂರಲು ಗೋಡೆಗೊರಗಿದ ಒಂದು ಬೆಂಚು ಮಾತ್ರ ಉಳಿಯಿತು.

ಹೆಡ್‌ಮೇಡಂ ಬಂದಾಗ ಗೀಚಿ ಆ ಬೆಂಚಿನ ನಡುವೆ ಲಂಗ ಹರಡಿಕೊಂಡು ಕೂತಿದ್ದಳು. ಹೆಡ್‌ಮೇಡಂ ಕುರ್ಚಿ ಹುಡುಕಿದರು, ಸಿಗಲಿಲ್ಲ. ನಿಂತಲ್ಲಿಂದಲೇ ಲಂಗ ನೋಡಿದರು. ಮುಖ ಗಂಟಾಯಿತು.

"ಇನ್ನೂ ತಲೆಕೆಳಗೇ ಇದೆಯಲ್ಲ? ಬಿಚ್ಚಿ ಹೊಲೀರಿ ಅಂದಿದ್ದೆ."

"ಬಿಚ್ಚಿ ಹೊಲಿದೆ ಮೇಡಂ. ಎರಡು ಸಲ" ಎಂದಳು ದೊಡ್ಡಮ್ಮ. "ಎದುರು ನಿಂತ್ರೆ ಹೀಗೇ ಕಾಣುತ್ತೆ. ಅಲ್ಲಿ ಅವಳ ಪಕ್ಕ ಹೋಗಿ ಕೂತ್ಕೊಳ್ಳಿ."

ಹೆಡ್‌ಮೇಡಂಗೆ ಹೀಗೆ ಕೂತ್ಕೊಳ್ಳಿ, ಏಳಿ ಎಂದು ಯಾರೂ ಹೇಳಿರಲಿಲ್ಲ, ಹೇಳುವವರು ಅವರು. ಆದರೂ ಹೋಗಿ ಕೂತರು. ಸೊಸೆಯಾಗುವವಳ ಭುಜಕ್ಕೆ ಭುಜ ತಾಗಿತು. ತಲೆ ತಗ್ಗಿಸಿ ಅವಳ ಮಡಿಲು ನೋಡಿದರು. ಬೀದಿಯೆಲ್ಲ ಅಲ್ಲಿ ನೆಟ್ಟಗೆ ಎದ್ದು ನಿಂತಿತ್ತು. ಮೇಕೆ ನೋಡಿದರು. ಇಸ್ತ್ರಿಯವನ ಹೊಟ್ಟೆ ನೋಡಿದರು. ಕೋಳಿಯನ್ನು ನೋಡಿ, ತಲೆಯೆತ್ತಿ ತಂಗಿಯನ್ನು ನೋಡಿ, ಮತ್ತೆ ಕೋಳಿಯನ್ನು ನೋಡಿದರು. ಆಮೇಲೆ ಅವರ ಕಣ್ಣು ಕೊಕ್ಕರೆಯ ಮೇಲೆ ನಿಂತಿತು. ತಂಗಿ ಕಣ್ಣು ಮುಚ್ಚಿಕೊಂಡಳು.

ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದು ನಾನೇ ತಾನೆ?"

"ಹೌದು ಅತ್ತೆ" ಎಂದಳು ಗೀಚಿ. ಸುಳ್ಳು ಹೇಳುವ ಹುಡುಗಿ ಅಲ್ಲ, ಅದೇ ಅವಳ ತೊಂದರೆ.

"ಸ್ಕೇಲು ತಪ್ಪು ಹಿಡಿದಿದ್ದೀನಿ" ಎಂದರು ಹೆಡ್‌ಮೇಡಂ. "ಸೊನ್ನೆ ನೆಲದ ಕಡೆ ಇರ್ಬೇಕು. ನೀನು ಮೇಲೆ ಬರೆದಿದ್ದೀಯ. ಹೀಗೆ ಅಳೆದ್ರೆ ಊರಿ‌ನ ಒಂದು ಲಂಗಾನೂ ಸರಿ ಬರಲ್ಲ." ಕೊಕ್ಕರೆಯ ಕತ್ತಿನ ಮೇಲೆ ಒಮ್ಮೆ ಬೆರಳಾಡಿಸಿದರು. ಅವರ ತುಟಿಯ ಒಂದು ತುದಿ ನಡುಗಿತು. ದೊಡ್ಡಮ್ಮ ಇಷ್ಟು ವರ್ಷದಲ್ಲಿ ಕಾಣದೆ ಇದ್ದ ಹಲ್ಲು ಅಲ್ಲಿ ಒಂದು ಗಳಿಗೆ ಕಂಡಿತು. "ಅದೊಂದು ತಿದ್ದು. ಮಿಕ್ಕಿದ್ದೆಲ್ಲ ಹೀಗೇ ಇರಲಿ. ಉಳಿದ ಎರಡು ದಿನದ್ದೂ ಇಲ್ಲೇ ಆಗಲಿ."

ಹಂಸಗಳು ಬೇರೆ ಯಾರದೋ ಮದುವೆಗೆ ಹೋದವು.

ಮದುವೆಯ ಮೊದಲ ದಿನ ಹಾಲಿಗೆ ಬಂದವರೆಲ್ಲ ಕತ್ತು ಸೊಟ್ಟ ಮಾಡಿಕೊಂಡು ಓಡಾಡಿದರು. ಫೋಟೋದವನು ಕ್ಯಾಮೆರಾವನ್ನು ಬುಡಮೇಲು ಹಿಡಿದು ನೋಡಿದ, ಆಗ ಮದುಮಗಳೇ ಬುಡಮೇಲಾದಳು. ಪಕ್ಕದಲ್ಲಿ ಕೂತರೆ ಎಲ್ಲ ಸರಿಯಾಗಿ ಕಾಣುತ್ತದೆ ಎಂದು ಹೆಡ್‌ಮೇಡಂ ಒಬ್ಬರಿಗೆ ಹೇಳಿದ್ದೇ ತಡ, ಗೀಚಿಯ ಪಕ್ಕದ ಜಾಗಕ್ಕೆ ಸಾಲು ನಿಂತಿತು. ಇಸ್ತ್ರಿಯವನು ತನ್ನ ಹೊಟ್ಟೆ ಹುಡುಕಿಕೊಂಡು ಹೋದ. ಹಲ್ಲಿನ ಡಾಕ್ಟರಿಗೆ ಮಾತ್ರ ಸಾಲು ಬೇಕಿರಲಿಲ್ಲ, ಅವನು ಅಲ್ಲೇ ಕೂತು ಮೇಕೆಯ ಹಲ್ಲು ಎಣಿಸುತ್ತಿದ್ದ. ತಂಗಿ ಆ ಕಡೆ ತಲೆ ಹಾಕದೆ ಇಡೀ ದಿನ ಫೋನನ್ನು ಚೀಲದಲ್ಲೇ ಇಟ್ಟಿದ್ದಳು.

ದೊಡ್ಡಮ್ಮ ಸೂಜಿದಾರ ಹಿಡಿದು ಗೀಚಿಯ ಎದುರಿಗೇ ನಿಂತಿದ್ದಳು, ಯಾವ ಹೊಲಿಗೆ ಎಲ್ಲಿ ಕೈಕೊಡುತ್ತದೋ ಎಂದು. ನಿಂತು ಅಭ್ಯಾಸವಾದ ಬದಿ ಅದು.

"ದೊಡ್ಡಮ್ಮ, ಈ ಕಡೆ ಬಾ" ಎಂದಳು ಗೀಚಿ.

"ನನಗೆ ಇಲ್ಲಿಂದ ಚೆನ್ನಾಗೇ ಕಾಣ್ಸುತ್ತೆ."

"ಏನು ಕಾಣ್ಸುತ್ತೆ?"

"ಹೂಜಿ."

"ಬಾ ಅಂದ್ನಲ್ಲ."

ಸಾಲಿನಲ್ಲಿದ್ದವರನ್ನು ಸರಿಸಿಕೊಂಡು ದೊಡ್ಡಮ್ಮ ಹೋದಳು. ಮೊಟ್ಟಮೊದಲ ಸಲ ಆ ಹುಡುಗಿಯ ಎದುರು ಅಲ್ಲ, ಪಕ್ಕ ಕೂತಳು. ಇಬ್ಬರೂ ಒಟ್ಟಿಗೆ ತಲೆ ತಗ್ಗಿಸಿದರು. ಗೀಚಿಯ ಮಡಿಲಲ್ಲಿ ಕೂತು ಚಿತ್ರದ ದೊಡ್ಡಮ್ಮ ನೆಟ್ಟಗೆ ಮಿಷನ್ನು ಓಡಿಸುತ್ತಿದ್ದಳು, ತುರುಬಿನಲ್ಲಿ ಸೀಮೆಸುಣ್ಣ. ನಿಜದ ದೊಡ್ಡಮ್ಮನ ಕಣ್ಣು ಮಂಜಾಗುತ್ತ ಬಂತು. ಹಾಲಿನ ತುಂಬ ಜನ, ಇಲ್ಲಿ ಒರೆಸಿಕೊಳ್ಳಲು ಚಡ್ಡಿಯೂ ಇಲ್ಲ.

"ಇಷ್ಟು ದಪ್ಪ ಇದ್ದೀನೇನೇ ನಾನು?" ಎಂದಳು ದನಿ ಗಡುಸು ಮಾಡಿಕೊಂಡು.

"ಇಲ್ಲ ದೊಡ್ಡಮ್ಮ" ಎಂದಳು ಗೀಚಿ. "ಬೆಳೀಲಿ ಅಂತ ಬಿಟ್ಟಿದ್ದೀನಿ."

ದೊಡ್ಡಮ್ಮ ಅವಳ ತೊಡೆಗೆ ಒಂದು ಬಿಟ್ಟಳು. ಏಟು ಸರಿಯಾಗಿ ಹೂಜಿಯ ಮೇಲೆಯೇ ಬಿತ್ತು.